ಬಡತನ ಹೋದ ಬೋರ್ಡು

"ನೆಟ್ಟಗೆ ತೋಡೋ ಬೋಳಿಮಗನೆ. ನಿನ್ನಪ್ಪನ ಹೆಣ ಹೂಳೋ ಗುಂಡಿ ಅಲ್ಲ ಇದು. ಬಡತನ ಹೋದ ಊರಿನ ಬೋರ್ಡು, ವಾಲಬಾರ್ದು."

ಬೈರಪ್ಪ ಗೌಡ ಕೊಡೆ ಹಿಡಿದು ನಿಂತಿದ್ದ. ಬೂತಪ್ಪ ಗುಂಡಿಯೊಳಗಿದ್ದ. ಅವನ ಹಾಗೇ ಗೌಡನ ತೋಟದ ಆಳುಗಳಾದ ನಾವು ಕಲ್ಲು ಹೊರುತ್ತಿದ್ದೆವು. ಕೆರೆಕಟ್ಟೆ ದಾಟಿ ಕಾಡಿನಂಚಿಗಿರುವ ನಮ್ಮ ಕೇರಿಗೆ ಆ ವರ್ಷ ಲಾರಿ ಬಂದದ್ದು ಅದು ಎರಡನೇ ಸಲ. ಮೊದಲ ಸಲ ನಮ್ಮ ಗುಡಿಸಲುಗಳಿಗೆಂದು ಸರ್ಕಾರದ ಹೆಂಚು ತಂದು ಇಳಿಸಿತ್ತು. ಈ ಸಲ ಬಾಗಿಲಿಗಿಂತ ದೊಡ್ಡ ತಗಡಿನ ಬೋರ್ಡು ಇಳಿಸಿ, ಹೆಂಚನ್ನೆಲ್ಲ ವಾಪಸು ತುಂಬಿಕೊಂಡಿತು.

ಲಾರಿಯ ಜೊತೆ ಬಂದ ಗುಮಾಸ್ತ ತಾಳ್ಮೆಯಿಂದ ತಿಳಿಸಿ ಹೇಳಿದ. "ಹೆಂಚು ಬಡವರ ಊರಿಗೆ ಮಾತ್ರ. ಅಡಿಕೆ, ಕಾಫಿ ಧಾರಣೆ ಏರಿದ್ಯಲ್ಲ, ಊರು ಮುಂದೆ ಬಂತು. ಗೌಡ್ರ ಸಂಪಾದನೆ, ನಿಮ್ಮದು, ಎಲ್ಲ ಕೂಡ್ಸಿ ತಲೆಗೆ ಇಷ್ಟು ಅಂತ ಹಂಚಿದ್ವಿ. ಈಗ ನಿಮ್ಮಲ್ಲಿ ಯಾರೂ ಬಡವರಲ್ಲ."

"ಹಂಚಿದ್ದು ಯಾವಾಗ ಅಯ್ಯಾ? ಆವತ್ತು ನಾನು ಕಾಡಿಗೆ ಹೋಗಿದ್ನಾ ಎಂತ?" ಗುಂಡಿಯಿಂದ ಬೂತಪ್ಪ ಕೇಳಿದ.

"ಕಾಗದದ ಮೇಲೆ ಹಂಚಿದ್ದು ಮಾರಾಯ."

ಬೂತಪ್ಪನ ಹೆಂಡತಿ ಅನ್ನಮ್ಮ ಕಲ್ಲಿನ ಬುಟ್ಟಿ ಕೆಳಗಿಟ್ಟಳು. "ಹಸಿವನ್ನೂ ಕೂಡ್ಸಿ ಹಂಚಿದ್ರಾ? ಗೌಡ್ರು ಈಗ ಅರ್ಧ ಹೊಟ್ಟೆ ಉಣ್ತಿದಾರಾ?"

"ಬಾಯಿ ಮುಚ್ಚೇ ಮುಂಡೆ," ಎಂದ ಗೌಡ.

ಬೋರ್ಡು ನಿಂತಿತು. ಹಳದಿ ಬಣ್ಣ, ಕೆಂಪು ಅಕ್ಷರ: ‘ಬಡತನ ಮುಕ್ತ ಗ್ರಾಮ’. ದೊಡ್ಡ ಸಾಹೇಬ ಬಂದು ಉದ್ಘಾಟಿಸುವ ತನಕ ಅದು ನೆನೆಯಬಾರದೆಂದು ಬೂತಪ್ಪನ ತಲೆಯ ಗೋಣಿಕೊಪ್ಪೆಯನ್ನೂ ನಮ್ಮವನ್ನೂ ಕಿತ್ತು ಹೊದಿಸಿದರು.

ಮಳೆ ಹಿಡಿಯುವ ಮುಂಚೆ ಗೌಡನ ತೋಟದಲ್ಲಿ ಉದುರಿದ ಅಡಿಕೆ ಸೋಗೆ ಹೊತ್ತು ತಂದು ಗುಡಿಸಲಿಗೆ ಹೊದಿಸುವುದು ಅವನಪ್ಪನ ಕಾಲದ ಪದ್ಧತಿ. ಹೆಂಚು ಬಂತೆಂದು ನಂಬಿ ನಾವು ಆ ವರ್ಷ ಹಳೆಯ ಸೋಗೆಯನ್ನು ಅರ್ಧ ಕಿತ್ತು ಒಲೆಗೆ ಹಾಕಿಬಿಟ್ಟಿದ್ದೆವು. ಅನ್ನಮ್ಮನ ಗುಡಿಸಲಲ್ಲಿ ಮಗಳು ಹೂವಿ ಹೆತ್ತು ಮಲಗಿದ್ದಳು. ಅನ್ನಮ್ಮ ಗೌಡನ ಅಂಗಳದಾಚೆ ನಿಂತು ಸೋಗೆ ಕೇಳಿದಳು.

"ಸೋಗೆ ಕೊಡೋದು ಬಡವರಿಗೆ ಕಣೇ." ಗೌಡ ಕವಳ ಉಗಿದ. "ನೀವೀಗ ಬಡವರಲ್ವಲ್ಲ. ಕೊಟ್ರೆ ಸರ್ಕಾರಕ್ಕೆ ಅವಮಾನ ಮಾಡ್ದಂಗೆ."

"ಬಾಣಂತಿ ಇದಾಳೆ ಒಡೇರೇ. ಕೂಸು ನೆನೀತದೆ."

"ಶ್ರೀಮಂತ್ರ ಮನೆ ಕೂಸು. ಒಂದು ಕೊಡೆ ತಗಳಿ."

ಸೋಗೆಯನ್ನು ಅವನು ಅಡಿಕೆ ಮರಗಳ ಬುಡಕ್ಕೆ ಹೊದಿಸಿದ.

ಉದ್ಘಾಟನೆಯ ದಿನ ಮಳೆ ಹೊಯ್ಯುತ್ತಿತ್ತು. ದೊಡ್ಡ ಸಾಹೇಬ ಕತ್ತರಿ ಹಿಡಿದು ಜೀಪಿನಿಂದ ಇಳಿದು ನೋಡುತ್ತಾನೆ, ಎರಡು ಕಂಬ, ನಡುವೆ ಟೇಪು. ಬೋರ್ಡಿಲ್ಲ.

"ಯಾವ ಸೂಳೆಮಗ ಕದ್ದಿದ್ದು?" ಗೌಡ ಬೆತ್ತ ಎತ್ತಿದ.

"ಕದ್ದಿಲ್ಲ ಒಡೇರೇ. ಊರಲ್ಲೇ ಅದೆ." ಅನ್ನಮ್ಮ ತನ್ನ ಗುಡಿಸಲಿನ ಮಾಡು ತೋರಿಸಿದಳು. ಅಲ್ಲಿ ಬೋರ್ಡು ಬೋರಲು ಮಲಗಿತ್ತು. ಅಕ್ಷರ ಒಳಗೆ, ಕಲ್ಲು ಮೇಲೆ.

"ಇಳಿಸೇ."

"ಇಳಿಸಿದ್ರೆ ನೀರು ಬಾಣಂತಿ ಮೇಲೆ ಬೀಳ್ತದೆ. ಓದೋರು ಒಳಗೆ ಬನ್ನಿ. ಮಲಗಿ ನೋಡಿದ್ರೆ ಚೆನ್ನಾಗಿ ಕಾಣ್ತದೆ."

ಗೌಡ ನಮ್ಮತ್ತ ನೋಡಿದ. ನಾವು ಕದಲಲಿಲ್ಲ. ಸಾಹೇಬನ ಜೊತೆ ಬಂದ ಫೋಟೋದವನು ಬಸ್ಸು ತಪ್ಪುತ್ತದೆಂದು ಗೊಣಗಿದ. ಸಾಹೇಬನಿಗೂ ಸಂಜೆಯೊಳಗೆ ಇನ್ನೊಂದು ಊರಿನ ಬಡತನ ತೆಗೆಯುವುದಿತ್ತು. ಟೇಪು ಬಿಚ್ಚಿಸಿ ಕೈಯಲ್ಲಿ ಸುತ್ತಿಕೊಂಡು, ಮಂಡಿಯೂರಿ ಒಳಗೆ ತೂರಿದ. ತಗಡಿನಡಿಯ ಒಣಜಾಗ ಹೂವಿಗೂ ಕೂಸಿಗೂ ಸರಿಹೋಗಿತ್ತು. ಅವನಿಗೆ ಸಿಕ್ಕಿದ್ದು ಸೋರುವ ಮೂಲೆ. ಅಲ್ಲೇ ಕುಕ್ಕರುಗಾಲಲ್ಲಿ ಕೂತು ಕತ್ತರಿ ಎತ್ತಿದ.

"ಸ್ವಲ್ಪ ತಾಳಿ," ಅನ್ನಮ್ಮ ಬಾಗಿಲಲ್ಲಿ ನಿಂತಳು. "ಗೌಡ್ರೂ ಬರ್ಲಿ. ಅವರು ಸೇರ್ದೆ ನಾವೆಲ್ಲಿ ಶ್ರೀಮಂತ್ರು?"

ಗೌಡ ಹಿಂದೆ ಸರಿದ. ಹುಟ್ಟಿದಾಗಿನಿಂದ ಅವನು ನಮ್ಮ ಕೇರಿಯ ಹೊಸ್ತಿಲು ತುಳಿದವನಲ್ಲ. ತುಳಿದರೆ ಮಿಂದು ಮನೆ ಸೇರಬೇಕು.

"ಬನ್ನಿ ಗೌಡ್ರೇ, ಬೇಗ," ಸಾಹೇಬ ಒಳಗಿಂದ ಕರೆದ. ಅವನ ಕಾಲರಿನೊಳಗೆ ನೀರಿಳಿಯುತ್ತಿತ್ತು.

"ನೀವೇ ಮುಗ್ಸಿ ಸಾರ್."

"ಹಂಗೆ ಮುಗಿಯಲ್ಲ." ಅನ್ನಮ್ಮ ಬಿದಿರ ತಟ್ಟಿ ಎಳೆದು ಬಾಗಿಲು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ಹೊರಗೆ ಮಳೆಯಲ್ಲಿ ಕೂತಳು. ಪಕ್ಕದಲ್ಲಿ ಬೂತಪ್ಪ ಕೂತ. ಆಮೇಲೆ ನಾವೆಲ್ಲ. ಒಳಗಿಂದ ಸಾಹೇಬ ತಟ್ಟಿ ಬಡಿದ. ಕೂಸು ಎಚ್ಚರಗೊಂಡು ಅಳತೊಡಗಿತು.

"ಗಲಾಟೆ ಮಾಡ್ಬೇಡಿ ಸಾಹೇಬ್ರೇ, ಕೂಸು ಮಲಗ್ಲಿ," ಅನ್ನಮ್ಮ ತಿರುಗದೆ ಹೇಳಿದಳು. "ಗೌಡ್ರು ಬಂದ ಕೂಡ್ಲೆ ಹಂಚುವ."