ಹಸಿರು ಟಿಕ್ಕು

ಆಫೀಸಿನಲ್ಲಿ ಅವಳಿಗೆ ಇಟ್ಟ ಅಡ್ಡಹೆಸರು ಗಾಳದಮ್ಮ. ಮನೆಯಲ್ಲಿ ಪುಟ್ಟಿ. ಹಾಗೆ ಕರೆಯುವವಳು ಅವಳನ್ನು ಸಾಕಿ ಬೆಳೆಸಿದ ಚಿಕ್ಕಮ್ಮ ಒಬ್ಬಳೇ. ಮೂವತ್ತು ದಾಟಿ, ಕನ್ನಡಕ ಬಂದು, ಎರಡು ನರೆಗೂದಲು ಇಣುಕುತ್ತಿರುವ ಹೆಂಗಸನ್ನು ಪುಟ್ಟಿ ಎನ್ನುವ ಧೈರ್ಯ ಇನ್ಯಾರಿಗಿದ್ದೀತು? ನಾವೂ ಹಾಗೆಯೇ ಕರೆಯೋಣ, ಅವಳೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಪುಟ್ಟಿಯ ಕೆಲಸ ಎಂಥದ್ದು ಎಂದು ಚಿಕ್ಕಮ್ಮನಿಗೆ ಇನ್ನೂ ಅರ್ಥವಾಗಿರಲಿಲ್ಲ. ಯಾರಾದರೂ ಕೇಳಿದರೆ "ಇಂಟರ್ನೆಟ್ಟಿಗೆ ಬರೀತಾಳೆ" ಎಂದು ತಲೆ ಎತ್ತಿ ಹೇಳುತ್ತಿದ್ದಳು. ವಿಷಯ ಇಷ್ಟೆ. ಬಚ್ಚಲುಮನೆಯ ಟೈಲ್ಸು, ನಲ್ಲಿ, ಕಮೋಡು ಮಾರುವ ಒಂದು ಕಂಪನಿ ಪುಟ್ಟಿಯ ಆಫೀಸಿನ ಗಿರಾಕಿ. ಕೆಲಸವಿಲ್ಲದೆ ಕಮೋಡಿನ ಸೈಟಿಗೆ ಹೋಗಿ ಕಣ್ಣು ತಂಪು ಮಾಡಿಕೊಳ್ಳುವವರು ಲೋಕದಲ್ಲಿ ಯಾರಿದ್ದಾರೆ? ಅದಕ್ಕೇ ಬೇರೆ ಸೈಟಿನವರು ತಾವಾಗಿ "ಇದನ್ನು ನೋಡಿ" ಎಂದು ಲಿಂಕ್ ಕೊಡುವಂಥ ಏನನ್ನಾದರೂ ಪುಟ್ಟಿ ಬರೆದು ಹಾಕಬೇಕು. ಹತ್ತು ಜನ ಬೆರಳು ತೋರಿಸಿದ ಅಂಗಡಿಗೆ ಹನ್ನೊಂದನೆಯವನು ಕೇಳದೆ ನುಗ್ಗುತ್ತಾನಲ್ಲ, ಹುಡುಕಿಕೊಡುವ ಯಂತ್ರದ ಬುದ್ಧಿಯೂ ಅಷ್ಟೇ. ಯಾರ ಕಡೆಗೆ ಹೆಚ್ಚು ಲಿಂಕೋ ಅವರನ್ನು ಮೇಲೆ ಕೂರಿಸುತ್ತದೆ. ಲೇಖನವೊಂದು ನೆಪ, ಬೇಕಾಗಿರುವುದು ಲಿಂಕು.

ಅಂಥ ಗಾಳ ಹಾಕುವುದರಲ್ಲಿ ಪುಟ್ಟಿ ಎತ್ತಿದ ಕೈ. ಅವಳು ಹಿಂದೆ ಹಾಕಿದ ಗಾಳಗಳೆಲ್ಲ ಸಣ್ಣಪುಟ್ಟ ಮೀನು ಹಿಡಿದಿದ್ದವು; ಈ ಸಲದ್ದು ತಿಮಿಂಗಿಲವನ್ನೇ ಎಳೆದು ತಂದಿತ್ತು. ಬಚ್ಚಲು ತೊಳೆಯುವ ಪುಡಿ, ದ್ರಾವಣಗಳಲ್ಲಿ ಯಾವುದನ್ನು ಯಾವುದರ ಜೊತೆ ಬೆರೆಸಬಹುದು, ಯಾವುದನ್ನು ಬೆರೆಸಬಾರದು ಎಂದು ತೋರಿಸುವ ಒಂದು ಚಾರ್ಟು. ಮೇಲೊಂದು ಸಾಲು ಹೆಸರು, ಪಕ್ಕದಲ್ಲೊಂದು ಸಾಲು ಹೆಸರು, ನಡುವಿನ ಮನೆಗಳಲ್ಲಿ ಹಸಿರು ಟಿಕ್ಕು ಅಥವಾ ಕೆಂಪು ಕತ್ತರಿ ಗುರುತು. ಓದು ಬಾರದವರಿಗೂ ತಿಳಿಯುವಂತಿತ್ತು. ಮನೆವಾರ್ತೆ ಸೈಟುಗಳು, ಶಾಲೆಗಳು, ಕೆಲಸದವರಿಗೆ ತರಬೇತಿ ಕೊಡುವ ಸಂಸ್ಥೆಗಳು, ಕೊನೆಗೆ ಒಂದು ದೊಡ್ಡ ಆಸ್ಪತ್ರೆಯ ಸೈಟೂ ಚಿತ್ರವನ್ನು ತಮ್ಮಲ್ಲಿ ಹಾಕಿಕೊಂಡು ಅದಕ್ಕೆ ಲಿಂಕ್ ಕೊಟ್ಟವು. ಆಸ್ಪತ್ರೆಯ ಲಿಂಕ್ ಬಂದ ದಿನ ಬಾಸು ಎಲ್ಲರಿಗೂ ಕೇಕು ತರಿಸಿದ್ದರು.

ಕೇಕಿನ ಸಿಹಿ ಇನ್ನೂ ಬಾಯಲ್ಲಿರುವಾಗಲೇ ಆ ಲೇಖನದ ಕೆಳಗೆ ಯಾರೋ ಒಬ್ಬ ಹೆಂಗಸು ಬರೆದದ್ದನ್ನು ಪುಟ್ಟಿ ಓದಿದಳು. "ಚಾರ್ಟಿನಲ್ಲಿ ಇದ್ದ ಹಾಗೆ ಬ್ಲೀಚು, ಟಾಯ್ಲೆಟ್ ಆಸಿಡ್ಡು ಎರಡೂ ಸುರಿದು ತೊಳೆದೆ. ಕಣ್ಣು ಉರಿದು ಉಸಿರೇ ಕಟ್ಟಿದ ಹಾಗಾಯ್ತು. ಎಲ್ಲರಿಗೂ ಹೀಗಾಗುತ್ತಾ?"

ಪುಟ್ಟಿ ಚಾರ್ಟನ್ನು ದೊಡ್ಡದು ಮಾಡಿ ನೋಡಿದಳು. ಬ್ಲೀಚಿನ ಸಾಲು ಹಿಡಿದು ಬೆರಳು ಸರಿಸಿದಳು. ಟಾಯ್ಲೆಟ್ ಆಸಿಡ್ಡಿನ ಕೆಳಗೆ ಅಚ್ಚುಕಟ್ಟಾದ ಹಸಿರು ಟಿಕ್ಕು ಕೂತಿತ್ತು.

ಅವೆರಡೂ ಸೇರಿದರೆ ಏಳುವುದು ವಿಷದ ಗಾಳಿ. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಒಬ್ಬರ ಜೀವ ತೆಗೆಯುವುದಕ್ಕೆ ಅಷ್ಟು ಸಾಕು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಲೇಖನದೊಳಗೆ ಹಾಗೆಂದು ಬರೆದೂ ಇದ್ದಳು. ಆದರೆ ಲೇಖನ ಓದುವವರು ಯಾರು? ಜನ ಚಿತ್ರ ನೋಡುತ್ತಾರೆ, ಎತ್ತಿಕೊಂಡು ಹೋಗುತ್ತಾರೆ.

ಹೀಗೆ ಹೇಗಾಯಿತು ಎಂದು ನೆನಪು ಮಾಡಿಕೊಳ್ಳುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಚಾರ್ಟು ಕಣ್ಣಿಗೆ ಹೇಗೆ ಕಾಣುತ್ತದೆ ನೋಡಬೇಕು ಎಂದು ಡಿಸೈನರ್ ಕೇಳಿದ್ದ. ಪುಟ್ಟಿ ಇನ್ನೂ ಎಲ್ಲವನ್ನೂ ಪರೀಕ್ಷಿಸಿ ಮುಗಿಸಿರಲಿಲ್ಲ. ಖಾಲಿ ಮನೆಗಳು ಬೋಳುಬೋಳಾಗಿ ಕಾಣುತ್ತವೆ ಎಂದು ಸುಮ್ಮನೆ ಎಲ್ಲದಕ್ಕೂ ಹಸಿರು ಟಿಕ್ಕು ತುಂಬಿ ಕಳಿಸಿದ್ದಳು. ಈ ಕಸುಬಿನವರೆಲ್ಲ ಮಾಡುವುದು ಹಾಗೆಯೇ: ಮೊದಲು ಏನಾದರೂ ತುಂಬು, ಆಮೇಲೆ ನಿಜ ತುಂಬು. ಆಮೇಲೆ ಅವಳು ನಿಜವನ್ನೂ ಕಳಿಸಿದಳು. ಒಂದೇ ಒಂದು ಮನೆ ಡಿಸೈನರನ ಕೈತಪ್ಪಿತು. ಕೊನೆಯ ಸಲ ಒಪ್ಪಿಗೆ ಕೊಡುವಾಗ ಪುಟ್ಟಿ ನೋಡಿದ್ದೇನು? ಹಸಿರು ಸ್ವಲ್ಪ ಕಣ್ಣಿಗೆ ಹೊಡೆಯುತ್ತದೆ, ತಿಳಿ ಮಾಡು ಎಂದಿದ್ದಳು. ಬಣ್ಣ ನೋಡಿದ ಕಣ್ಣಿಗೆ ವಿಷ ಕಾಣಲಿಲ್ಲ.

ಬಾಸಿನ ಮುಂದೆ ಹೋಗಿ ನಿಂತು ಎಲ್ಲ ಹೇಳಿದಳು. ಬಾಸು ಪೂರ್ತಿ ಕೇಳಿ, ಎದ್ದು ಹೋಗಿ ಗಾಜಿನ ಬಾಗಿಲು ಹಾಕಿ ಬಂದರು.

"ಚಿತ್ರ ಬದಲಾಯಿಸಿಬಿಡು. ಈಗಲೇ. ಆ ಹೆಂಗಸು ಬರೆದಿದ್ದನ್ನೂ ತೆಗೆದುಹಾಕು."

"ಅದನ್ನ ಮಾಡ್ತೀನಿ ಸಾರ್. ಆದ್ರೆ ತಪ್ಪಾಗಿತ್ತು ಅಂತ ಮೇಲೆ ದೊಡ್ಡಕ್ಷರದಲ್ಲಿ ಹಾಕ್ಬೇಕು. ಎಲ್ರೂ ಚಿತ್ರ ತಮ್ಮ ಸೈಟಿಗೆ ಹಾಕ್ಕೊಂಡಿದಾರೆ. ನಾವು ಬದಲಾಯಿಸಿದ್ರೆ ಅವರಲ್ಲಿ ಬದಲಾಗಲ್ಲ."

"ನೋಡಮ್ಮ, ನಮ್ಮ ತಪ್ಪಿಗೆ ನಾವೇ ಡಂಗುರ ಹೊಡೆಯೋದಾ? ಒಬ್ಬರು ಲಿಂಕ್ ಕಿತ್ತರೆ ಎಲ್ಲರೂ ಕೀಳ್ತಾರೆ. ಟೈಲ್ಸಿನವರು ನಮ್ಮನ್ನ ಬಿಟ್ಟು ಹೋಗ್ತಾರೆ. ನಿನ್ನ ಹೆಸರಿದೆ ಲೇಖನದ ಕೆಳಗೆ, ನನ್ನದಲ್ಲ. ತಿಳೀತಲ್ಲ?"

ತಿಳಿಯಿತು. ಇಷ್ಟು ಚೆನ್ನಾಗಿ ಅವರು ಹಿಂದೆಂದೂ ತಿಳಿಸಿ ಹೇಳಿರಲಿಲ್ಲ.

ಚಿತ್ರ ಬದಲಾಯಿಸಿದಳು. ಆ ಹೆಂಗಸಿನ ಮಾತನ್ನು ಮಾತ್ರ ತೆಗೆಯದೆ ಅದರ ಕೆಳಗೆ "ದಯವಿಟ್ಟು ಡಾಕ್ಟರ ಹತ್ತಿರ ಹೋಗಿ, ಚಾರ್ಟು ತಪ್ಪಾಗಿತ್ತು" ಎಂದು ಬರೆದಳು. ಆಮೇಲೆ ಬಾಸಿಗೆ ಕಾಣದ ಹಾಗೆ ಪರದೆ ತಿರುಗಿಸಿಕೊಂಡು, ಚಿತ್ರ ಹಾಕಿಕೊಂಡ ಒಂದೊಂದು ಸೈಟಿಗೂ ಮೇಲ್ ಕಳಿಸತೊಡಗಿದಳು. ಅವರೆಲ್ಲರ ವಿಳಾಸವೂ ಅವಳ ಹತ್ತಿರ ಇತ್ತು. ಲಿಂಕ್ ಕೊಡಿ, ಲಿಂಕ್ ಕೊಡಿ ಎಂದು ಮೊದಲು ಗೋಗರೆದವಳು ಅವಳೇ ಅಲ್ಲವೆ. ಅದೇ ಈಗ ಮುಳುವಾಯಿತು. ಗೋಗರೆದು ಗೋಗರೆದು ಅವಳ ವಿಳಾಸವನ್ನೇ ಜನ ಸ್ಪ್ಯಾಮ್ ಎಂಬ ಕಾಟದ ಪಟ್ಟಿಗೆ ಸೇರಿಸಿದ್ದರು. ಮೇಲ್‌ಗಳು ಹೋದ ವೇಗದಲ್ಲೇ ವಾಪಸು ಬಂದವು. ಆಸ್ಪತ್ರೆಯ ಸೈಟಿನಿಂದ ಮಾತ್ರ ಒಂದು ಉತ್ತರ ಬಂತು, ಅದೂ ಯಂತ್ರದ್ದು: ನಿಮ್ಮ ಆಸಕ್ತಿಗೆ ವಂದನೆ, ಸದ್ಯಕ್ಕೆ ನಾವು ಹೊಸ ಲಿಂಕ್‌ಗಳನ್ನು ಪರಿಗಣಿಸುತ್ತಿಲ್ಲ.

ದಿಕ್ಕು ತೋಚದ ಹೊತ್ತಿನಲ್ಲಿ ಪುಟ್ಟಿಗೆ ಹಿಂದಿನಿಂದಲೂ ಒಂದೇ ದಾರಿ. ಚಿಕ್ಕಮ್ಮನಿಗೆ ಫೋನು ಮಾಡಿದಳು. ಚಿಕ್ಕಮ್ಮ ಪ್ರಯಾಣಿಕರು ತಂಗುವ ಒಂದು ಹೋಟೆಲಿನಲ್ಲಿ ರೂಮು, ಬಚ್ಚಲು ತೊಳೆಯುವವಳು. ಆ ಸಂಬಳದಲ್ಲೇ ಪುಟ್ಟಿಯನ್ನು ಓದಿಸಿದವಳು.

"ಊಟ ಆಯ್ತೇನೇ?" ಎಂದಳು ಚಿಕ್ಕಮ್ಮ. ಅವಳ ಮಾತು ಶುರುವಾಗುವುದೇ ಹಾಗೆ.

"ಇಲ್ಲ ಚಿಕ್ಕಮ್ಮ. ನಿನ್ನ ದನಿ ಕೇಳ್ಬೇಕು ಅನ್ನಿಸ್ತು."

"ದನಿ ಕೇಳಿದ್ರೆ ಹೊಟ್ಟೆ ತುಂಬುತ್ತಾ? ಸರಿ, ಬೇಗ ಹೇಳು, ಕೆಲಸಕ್ಕೆ ಹೋಗೋವಾಗ ಫೋನು ಗೂಡಲ್ಲಿ ಇಡ್ಬೇಕು. ಮ್ಯಾನೇಜರು ಇವತ್ತು ಬಲು ಜೋರು. ನಮಗೆಲ್ಲ ಏನೋ ಹೊಸ ಚಾರ್ಟು ತಂದು ಗೋಡೆಗೆ ಅಂಟಿಸಿದಾರೆ. ಹಸಿರು ಗುರುತು, ಕೆಂಪು ಗುರುತು. ಆಸ್ಪತ್ರೆಯವರು ಮಾಡಿದ್ದಂತೆ. ಇನ್ಮೇಲೆ ಕರೆ ಕಟ್ಟಿದ ಕಮೋಡಿಗೆ ಎರಡೆರಡು ಸೇರಿಸಿ ಹಾಕಿ ಅಂತ—"

"ಚಿಕ್ಕಮ್ಮ! ಬೇಡ! ಹಾಕ್ಬೇಡ!"

"ಹಾಂ ಹಾಂ, ಬಂದೆ ಸಾರ್," ಎಂದು ಚಿಕ್ಕಮ್ಮ ಅತ್ತ ಯಾರಿಗೋ ಹೇಳುವುದು ಕೇಳಿಸಿತು. ಫೋನು ಕಟ್ಟಾಯಿತು.

ಮತ್ತೆ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಹೋಟೆಲಿನ ನಂಬರು ಹುಡುಕಿ ಮಾಡಿದಳು. "ನಮಸ್ಕಾರ, ನಾನು ಆ ಕ್ಲೀನಿಂಗ್ ಚಾರ್ಟ್ ಬಗ್ಗೆ—" ಎನ್ನುವಷ್ಟರಲ್ಲಿ "ಏನೂ ಕೊಳ್ಳೋದಿಲ್ಲ ಮೇಡಂ" ಎಂದು ಅವರು ಇಟ್ಟೇಬಿಟ್ಟರು. ಪುಟ್ಟಿ ಚೀಲ ತೆಗೆದುಕೊಳ್ಳುವುದನ್ನೂ ಮರೆತು ಮೆಟ್ಟಿಲಿಳಿದಳು.

ಹೋಟೆಲು ದೂರವೇನಲ್ಲ, ಆದರೆ ಬಸ್ಸು ಅವತ್ತು ಆಮೆಯ ಅಪ್ಪನಾಗಿತ್ತು. ಪ್ರತಿ ಸಿಗ್ನಲಿನಲ್ಲೂ ನಿಂತಿತು. ಪುಟ್ಟಿ ಕಂಬ ಹಿಡಿದು ನಿಂತು ಚಿಕ್ಕಮ್ಮನ ಎದೆಯನ್ನು ನೆನೆದಳು. ಚಳಿ ಬಂದರೆ ಗೊರಗೊರ ಅನ್ನುವ ಎದೆ. ಅದರ ಮೇಲೆ ಕಿವಿಯಿಟ್ಟು ಎಷ್ಟು ರಾತ್ರಿ ನಿದ್ದೆ ಹೋಗಿದ್ದಳೋ ಅವಳು! ಇನ್ನೆರಡು ಸ್ಟಾಪು ಇರುವಾಗಲೇ ಇಳಿದು ಓಡಿದಳು. ಅಂಗಡಿಯ ಮುಂದೆ ಕೂತವರು ಯಾರೋ ಕಳ್ಳಿ ಎಂಬಂತೆ ನೋಡಿದರು. ನೋಡಲಿ, ತಪ್ಪೇನೂ ಇರಲಿಲ್ಲ.

ಹೋಟೆಲಿನ ಹಿಂಬಾಗಿಲಿನಿಂದ ನುಗ್ಗಿದರೆ ಬಕೆಟ್ಟು, ಪೊರಕೆ ಇಡುವ ಓಣಿ. ಗೋಡೆಯ ಮೇಲೆ ಅವಳ ಚಾರ್ಟು. ಅವಳೇ ಹೇಳಿ ಮಾಡಿಸಿದ ತಿಳಿ ಹಸಿರು. ಕೆಳಗೆ ಆಸ್ಪತ್ರೆಯ ಹೆಸರು, ಪ್ಲಾಸ್ಟಿಕ್ ಹೊದಿಕೆ. ಪುಟ್ಟಿ ಉಗುರು ಹಾಕಿ ಕಿತ್ತಳು.

"ಏಯ್, ಯಾರ್ರೀ ನೀವು?" ಮ್ಯಾನೇಜರು ಅಡ್ಡ ಬಂದರು. ಶರ್ಟಿನ ಜೇಬಲ್ಲಿ ಎರಡು ಪೆನ್ನು, ಮುಖದಲ್ಲಿ ಮೂರು ಗಂಟು.

"ಇದು ತಪ್ಪು ಸಾರ್. ಇದನ್ನ ಬೆರೆಸಿದ್ರೆ ಸತ್ತೇ ಹೋಗ್ತಾರೆ. ನನ್ನ ಚಿಕ್ಕಮ್ಮ ಎಲ್ಲಿ?"

"ತಪ್ಪು ಹೇಗಾಗುತ್ತೆ? ನಾನೇನು ಕಣ್ಣು ಮುಚ್ಚಿ ಅಂಟಿಸಿದ್ನಾ? ಹತ್ತು ಸೈಟು ತೆಗೆದು ನೋಡಿದೀನಿ, ಎಲ್ಲದರಲ್ಲೂ ಇದೇ ಇದೆ." ಅವರು ಫೋನು ತೆಗೆದು ಒಂದೊಂದೇ ತೋರಿಸಿದರು. ನಿಜ. ಎಲ್ಲದರಲ್ಲೂ ಹಸಿರು ಟಿಕ್ಕು, ಎಲ್ಲದರಲ್ಲೂ ಅವಳ ಸೈಟಿಗೆ ಲಿಂಕು. "ಇಲ್ಲೊಂದು ಕಮೋಡು ಮಾರೋರ ಸೈಟಲ್ಲಿ ಮಾತ್ರ ಕೆಂಪು ಇದೆ, ಈಗಷ್ಟೇ ನೋಡ್ದೆ. ಅವರದ್ದೇ ತಪ್ಪು ಇರ್ಬೇಕು."

ಲೋಕದಲ್ಲಿ ಸರಿಯಾಗಿದ್ದ ಒಂದೇ ಒಂದು ಚಾರ್ಟು ಅದು. ಅದನ್ನು ಈಗ ನಂಬುವವರಿಲ್ಲ. ನಂಬದ ಹಾಗೆ ಮಾಡಿದವಳು ಪುಟ್ಟಿಯೇ, ಅದಕ್ಕಾಗಿ ಸಂಬಳವನ್ನೂ ಎಣಿಸಿಕೊಂಡಿದ್ದವಳು.

"ಪುಟ್ಟೀ? ಏನೇ ಇದು, ಬೆವರು ಹೀಗೆ ಸುರೀತಿದೆ?"

ಓಣಿಯ ತುದಿಯಲ್ಲಿ ಚಿಕ್ಕಮ್ಮ, ಕೈಯಲ್ಲಿ ಒಗೆದ ಟವೆಲುಗಳ ಗಂಟು. ಪುಟ್ಟಿ ಓಡಿ ಹೋಗಿ ಅವಳ ಮೂಗು, ಬಾಯಿ, ಕಣ್ಣು ಎಲ್ಲ ಮುಟ್ಟಿ ನೋಡಿದಳು. ನೆಟ್ಟಗಿದ್ದಳು. ಪುಟ್ಟಿಗೆ ಅಳು ಒತ್ತರಿಸಿ ಬಂತು.

"ನೀನು ಬಚ್ಚಲು ತೊಳೀಲಿಲ್ವಾ?"

"ನನ್ನನ್ನ ಬಟ್ಟೆ ಒಗೆಯೋ ಕಡೆ ಹಾಕಿದ್ರು ಕಣೇ. ಇವತ್ತು ಬಚ್ಚಲಿಗೆ ಹೊಸಬಳು ಹೋಗಿದಾಳೆ. ಮೇಲಿನ ಮಹಡೀಲಿ. ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದೋಳು, ಪಾಪ. ಯಾಕೆ?"

ಯಾಕೆ ಎಂದು ಹೇಳುವುದಕ್ಕೆ ನಿಲ್ಲಲಿಲ್ಲ. ಪುಟ್ಟಿ ಮುಂದೆ, ಟವೆಲು ಬಿಸಾಡಿ ಚಿಕ್ಕಮ್ಮ ಹಿಂದೆ, ಬೈಯುತ್ತಾ ಮ್ಯಾನೇಜರು ಅವಳ ಹಿಂದೆ. ಮೇಲೆ ಹೋಗುತ್ತಿದ್ದಂತೆ ಗಂಟಲಿಗೆ ಸೂಜಿ ಚುಚ್ಚುವಂಥ ವಾಸನೆ ಬಡಿಯಿತು. ಮ್ಯಾನೇಜರು ಬೈಯುವುದನ್ನು ನಿಲ್ಲಿಸಿದರು.

ವಾಸನೆ ಹಿಡಿದು ಒಂದು ರೂಮಿಗೆ ನುಗ್ಗಿದರು. ಬಚ್ಚಲಿನ ಬಾಗಿಲು ಮುಚ್ಚಿತ್ತು. ಒಳಗಿನಿಂದ ಕೆಮ್ಮು ಕೇಳುತ್ತಿತ್ತು, ಕೆಮ್ಮಿನ ನಡುವೆ ಬ್ರಷ್ಷು ಉಜ್ಜುವ ಸದ್ದು. ಇನ್ನೂ ಉಜ್ಜುತ್ತಲೇ ಇದ್ದಳು ಮಹಾತಾಯಿ. ಆಮೇಲೆ ಬ್ರಷ್ಷಿನ ಸದ್ದು ನಿಂತಿತು. ಕೆಮ್ಮೂ ನಿಂತಿತು. ಮೂಗಿಗೆ ಸೆರಗು ಕಟ್ಟಿಕೊಂಡು ಚಿಕ್ಕಮ್ಮ ಬಾಗಿಲಿಗೆ ಭುಜ ಕೊಟ್ಟಳು, ಪುಟ್ಟಿಯೂ ಕೊಟ್ಟಳು; ಬಾಗಿಲಿಗೆ ಒರಗಿ ಕುಸಿದಿದ್ದ ಹೆಂಗಸು ಬಾಗಿಲಿನ ಜೊತೆಗೇ ಸರಿದಳು. ಇಬ್ಬರೂ ತೋಳು ಹಿಡಿದು ದರದರ ಎಳೆದು, ರೂಮು ದಾಟಿಸಿ, ಓಣಿಯ ತುದಿಯ ದೊಡ್ಡ ಕಿಟಕಿಯ ಕೆಳಗೆ ತಂದು ಕೂರಿಸಿದರು. ಮ್ಯಾನೇಜರು ಆಂಬುಲೆನ್ಸಿಗೆ ಫೋನು ಹಚ್ಚಿದರು.

ಅವಳು ಉಸಿರೆಳೆದಳು. ದೊಡ್ಡದಾಗಿ, ಹರಿದ ಬಟ್ಟೆ ಎಳೆದ ಹಾಗೆ. ಮತ್ತೊಂದು. ಕಣ್ಣಿಂದ ಮೂಗಿಂದ ನೀರು ಇಳಿಯುತ್ತಿತ್ತು. ಪುಟ್ಟಿ ಅವಳ ಒದ್ದೆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಹೆಂಗಸೂ ಬಿಗಿಯಾಗಿ ಹಿಡಿದಿದ್ದಳು. ಕಣ್ಣು ಬಿಟ್ಟವಳೇ ಮೊದಲು ಹುಡುಕಿದ್ದು ಮ್ಯಾನೇಜರನ್ನು.

"ಚಾರ್ಟು... ನೋಡ್ಕೊಂಡೇ ಹಾಕ್ದೆ ಸಾರ್. ಹಸಿರು ಇದ್ದಿದ್ದೇ... ಹಾಕಿದ್ದು. ನಾನು ತಪ್ಪು ಮಾಡ್ಲಿಲ್ಲ. ಕೆಲಸದಿಂದ ತೆಗೀಬೇಡಿ."

ಮ್ಯಾನೇಜರು ಮುಖ ಅತ್ತ ತಿರುಗಿಸಿದರು. ಪುಟ್ಟಿ ಸುಮ್ಮನಿದ್ದಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಚಿಕ್ಕಮ್ಮನ ಕಣ್ಣಲ್ಲಿ ಅವಳು ಆ ಹೊತ್ತು ಜೀವ ಉಳಿಸಿದವಳೇ ಆಗಿದ್ದಳು.

"ನಿಮ್ಮ ತಪ್ಪಲ್ಲ," ಎಂದಳು. "ಆ ಚಾರ್ಟು ಮಾಡಿದ್ದು ನಾನು. ನನ್ನ ತಪ್ಪು."

ಹೆಂಗಸು ಅವಳನ್ನು ನೋಡಿದಳು. ಅರ್ಥವಾಗುವುದಕ್ಕೆ ಎರಡು ಉಸಿರಿನಷ್ಟು ಹೊತ್ತು ಹಿಡಿಯಿತು. ಆಮೇಲೆ ತನ್ನ ಕೈಯನ್ನು ನಿಧಾನವಾಗಿ ಬಿಡಿಸಿಕೊಂಡಳು.

"ಇದನ್ನ... ಇನ್ನೂ ಎಲ್ಲೆಲ್ಲಿ ಹಾಕಿದಾರಮ್ಮ?"

"ಗೊತ್ತಿಲ್ಲ."

"ನನ್ನ ಮಗಳೂ ಇದೇ ಕೆಲಸ ಮಾಡ್ತಾಳೆ. ಬೇರೆ ಕಡೆ, ಒಂದು ಶಾಲೇಲಿ." ಕೆಮ್ಮು ಬಂದು ಮಾತು ತಡೆಯಿತು. ಅವಳು ಎದೆ ಒತ್ತಿಹಿಡಿದು ಏಳಲು ನೋಡಿದಳು, ಆಗಲಿಲ್ಲ. "ನನ್ನ ಫೋನು ಕೆಳಗಿದೆ, ಗೂಡಲ್ಲಿ. ಯಾರಾದ್ರೂ ತನ್ನಿ."

ಪುಟ್ಟಿ ಎದ್ದಳು. ಆದರೆ ಅಷ್ಟರಲ್ಲಿ ಚಿಕ್ಕಮ್ಮ, ಅವಳ ಮುಖವನ್ನೂ ನೋಡದೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದು ಓಡುತ್ತಿದ್ದಳು.