ಮೂರನೆಯ ದಿನದ ದೀಪ

ಮಡಿಕೆ ಬಿಚ್ಚಿಕೊಳ್ಳುವ ಸದ್ದು, ಶುಕ್ರವಾರ ಸಂಜೆಗೆಂದೇ ಇಟ್ಟ ಬಿಳಿ ಜುಬ್ಬಾದ್ದು — ಇವತ್ತೇಕೆ ಅದು, ಮಂಗಳವಾರದ ಬಿಸಿಲು ಇನ್ನೂ ಅಂಗಳದಿಂದ ಇಳಿದಿಲ್ಲ, ತಂತಿಯ ಮೇಲಿನ ಬಟ್ಟೆ ಒದ್ದೆಯಾಗಿಯೇ ಇದೆ, ಹ್ವಾತು ಮಾತ್ರ ಸ್ನಾನ ಮಾಡಿ ಗಡ್ಡ ಬಾಚಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ, ನನ್ನ ಗಂಡ, ಊರಿನ ಹೆಂಗಸರಿಗೆಲ್ಲ ಬೆಳ್ಳಿಯ ಬಳೆ ಮಾಡಿಕೊಟ್ಟವರು, ಕೇಳುತ್ತಾರೆ, ಕಮೂನಾ, ದೀಪ ಹಚ್ಚಲಿಲ್ವೇನೇ, ಸಬ್ಬತ್ ಬಂದೇಬಿಡ್ತು. ಕೊಂಬು ಊದಲಿಲ್ಲವಲ್ಲ ಅನ್ನಲು ಬಾಯಿ ತೆರೆದೆ. ಶುಕ್ರವಾರ ಸಂಜೆ ಮಾಳಿಗೆಯ ಮೇಲೆ ಕೊಂಬು ಊದಿದರೆ ಸಾಕು, ಜೆರ್ಬಾ ದ್ವೀಪದ ನಮ್ಮ ಯೆಹೂದಿ ಕೇರಿಯ ಅಂಗಡಿಗಳೆಲ್ಲ ಮುಚ್ಚುತ್ತವೆ, ಶನಿವಾರ ಕತ್ತಲಾಗುವವರೆಗೆ ಬೆಂಕಿ ಹಚ್ಚುವಂತಿಲ್ಲ, ಆರಿಸುವಂತಿಲ್ಲ, ಹೋದ ಶನಿವಾರ ಅದನ್ನೂ ಮರೆತು ಕುಲುಮೆಗೆ ಬೆಂಕಿ ಹಾಕಲು ಹೊರಟಿದ್ದರು, ತಡೆದು ಹೇಳಿದಾಗ ಬಾಗಿಲಿಗೆ ಹಣೆಯಿಟ್ಟು ಅತ್ತರು, ಆ ಅಳುವನ್ನು ಇನ್ನೊಮ್ಮೆ ನೋಡಲಾರೆ, ಹೇಳಲೋ ಬೇಡವೋ — ಪಕ್ಕದ ಮುಸಲ್ಮಾನರ ಮನೆಯ ಯಾಮ್ನಾ ಗೋಡೆಯ ಮೇಲಿಂದ ಇಣುಕುತ್ತಾಳೆ, ಏನ್ ಕಮೂನಕ್ಕಾ, ನಿಮ್ಮ ಯಜಮಾನ್ರು ಮದುವೆ ಗಂಡಿನ ಥರ ನಿಂತವ್ರೆ, ನಮ್ದು ಶುಕ್ರವಾರ, ನಿಮ್ದು ಶನಿವಾರ, ಪಾದ್ರಿಗಳದ್ದು ಭಾನುವಾರ, ಪಾಪ ಮಂಗಳವಾರ ಒಂದು ಖಾಲಿ ಬಿದ್ದಿತ್ತು, ಅದನ್ನೂ ಹಿಡ್ಕೊಂಡ್ರಾ. ನಗು ಬಂತು, ಕಣ್ಣೂ ತುಂಬಿತು. ಅಪ್ಪ ಹೇಳುತ್ತಿದ್ದರು, ಮಿಕ್ಕ ದಿನಗಳಿಗೆ ದೇವರು ಹೆಸರೇ ಇಡಲಿಲ್ಲ ಮಗಳೇ, ಭಾನುವಾರದಿಂದ ಮೊದಲನೇದು, ಎರಡನೇದು, ಮೂರನೇದು ಅಂತ ಬರೀ ಎಣಿಕೆ, ಹೆಸರಿಟ್ಟಿದ್ದು ಸಬ್ಬತ್ ಒಂದಕ್ಕೇ, ಉಳಿದವೆಲ್ಲ ಅದರ ಬಾಗಿಲಿಗೆ ಹತ್ತೋ ಮೆಟ್ಟಿಲು. ಮರುಭೂಮಿಯಲ್ಲಿ ದಿನ ಮರೆತ ದಾರಿಹೋಕ ತಾನೇ ಆರು ಎಣಿಸಿ ಏಳನೆಯದನ್ನು ಸಬ್ಬತ್ ಎಂದು ಆಚರಿಸಲಿ ಎಂಬ ಕಟ್ಟಳೆಯನ್ನೂ ಅವರೇ ಹೇಳಿದ್ದು — ಇವರೂ ಅಂಥ ಮರಳಲ್ಲೇ ನಡೆಯುತ್ತಿದ್ದಾರೆ, ನನ್ನ ಅಂಗಳದೊಳಗೇ, ಒಬ್ಬರೇ. ಎಣ್ಣೆ ಹೊಯ್ದೆ, ಬತ್ತಿ ಹೊಸೆದೆ, ಹಚ್ಚಿದೆ, ಕಣ್ಣಿಗೆ ಕೈಮುಚ್ಚಿ ತುಟಿಯಷ್ಟೇ ಆಡಿಸಿದೆ, ದೇವರ ಹೆಸರನ್ನು ಮಂಗಳವಾರ ಸುಮ್ಮನೆ ಎತ್ತಬಾರದು, ಅಷ್ಟಾದರೂ ಕಾಯಬೇಕು — ಅವರು ಹಾಡತೊಡಗಿದರು, ಮನೆಯಾಕೆಯನ್ನು ಹೊಗಳುವ ಶುಕ್ರವಾರದ ಹಾಡು, ಮಕ್ಕಳ ಹೆಸರು ಮರೆತ ನಾಲಿಗೆ ಒಂದಕ್ಷರವನ್ನೂ ಬಿಡಲಿಲ್ಲ, ಆಮೇಲೆ, ಕೂತ್ಕೋ ಕಮೂನಾ, ಇವತ್ತು ನಿಂಗೆ ಕೆಲಸ ಇಲ್ಲ. ಕೂತೆ. ಈಗ ಕುರ್ಚಿಯಲ್ಲೇ ಅವರಿಗೆ ನಿದ್ದೆ ಹತ್ತಿದೆ, ಇನ್ನು ದೀಪ ಆರಿಸಬಹುದು, ನನಗಿದು ಸಬ್ಬತ್ ಅಲ್ಲ, ಆರಿಸಿದರೆ ಪಾಪವಿಲ್ಲ, ಎಣ್ಣೆ ಉಳಿಯುತ್ತದೆ, ಬಗ್ಗುತ್ತೇನೆ, ಉಸಿರು ತುಂಬಿಕೊಳ್ಳುತ್ತೇನೆ — ಜ್ವಾಲೆ ನೆಟ್ಟಗೆ ನಿಂತಿದೆ — ಉಸಿರು ತಾಗದಂತೆ ಮುಖ ತಿರುಗಿಸುತ್ತೇನೆ, ಮತ್ತೆ ನೋಡುತ್ತೇನೆ, ಅದೇ ಜ್ವಾಲೆ, ನೆಟ್ಟಗೆ, ಅದೇ ಜ್ವಾಲೆ