ಅಲೆಗೆರೆಯ ಫೋಲ್ಡರ್

ಕಪ್ಪು ಪರದೆಯ ಮೇಲೆ ಒಂದೇ ಸಾಲು: ಅಳಿಸುವ ಆಜ್ಞೆ, ಅದರ ಕೊನೆಗೆ ನೀರಿನ ಸುಕ್ಕಿನಂಥ ಒಂದು ಅಲೆಗೆರೆ. ಕೆಳಗಿನ ಸಾಲು ಖಾಲಿ. ಕೀಲಿಮಣೆಯ ಪಕ್ಕದಲ್ಲಿ ಕೆನೆಗಟ್ಟಿದ ಚಹಾ. ಎಂಟರ್ ಒತ್ತಿ ಮೇಲೆದ್ದ ಬೆರಳು ಗಾಳಿಯಲ್ಲೇ ನಿಂತಿತ್ತು. ಗೋಡೆಗಂಟಿಸಿದ ದಪ್ಪ ಸ್ಪಂಜು ಹೊರಗಿನ ಸದ್ದನ್ನೆಲ್ಲ ಹೀರಿಕೊಂಡಿದ್ದ ಆ ಕೋಣೆಯಲ್ಲಿ ಡಿಸ್ಕ್ ಮಾತ್ರ ಮರ ಕೊರೆಯುವ ಹುಳುವಿನಂತೆ ಕಿರುಗುಟ್ಟುತ್ತಿತ್ತು.

ಖಾಲಿ ಫೋಲ್ಡರೊಂದು ಅಳಿಯಲು ಇಷ್ಟು ಹೊತ್ತು ಬೇಕಿಲ್ಲ.

ಅವಳು ಆಸ್ಪತ್ರೆಯ ಧ್ವನಿಮುದ್ರಣದ ತಂತ್ರಜ್ಞೆ. ಗಂಟಲಿನ ಶಸ್ತ್ರಕ್ರಿಯೆಯಲ್ಲಿ ದನಿ ಕಳೆದುಕೊಳ್ಳಲಿರುವವರ ಮಾತನ್ನು ಮೊದಲೇ ಹಿಡಿದಿಟ್ಟು, ಮುಂದೆ ಅವರದೇ ದನಿಯಲ್ಲಿ ನುಡಿಯುವ ಯಂತ್ರಕ್ಕೆ ತುಂಬುವುದು ಅವಳ ಕೆಲಸ. ಈ ಸಲ ಒಬ್ಬ ನಿವೃತ್ತ ಟೀಚರ್. ಅವರ ಗಂಡನಿಗೆ ಕಣ್ಣು ಕಾಣಿಸದು. ಚೀಟಿ ಬರೆದು ತೋರಿಸಿ ಬಾಳುವಂತಿಲ್ಲ. ಶಸ್ತ್ರಕ್ರಿಯೆ ಇಂದೇ.

ಬೆಳಿಗ್ಗೆ ನೋಡಿದರೆ ಕಳೆದ ವಾರದ ಅವರ ಮುದ್ರಣಗಳು, ಅವಳ ಕಡತಗಳೆಲ್ಲ ಇರುವ ಹೋಮ್ ಫೋಲ್ಡರಿನಲ್ಲಿ ಇರಲಿಲ್ಲ. ಹುಡುಕಿದಾಗ ತಪ್ಪು ಸಿಕ್ಕಿತು. ಅಲೆಗೆರೆಯನ್ನು ಬರಿದಾಗಿ ಬರೆದರೆ, ಆಜ್ಞೆಗಳನ್ನು ಓದಿ ನಡೆಸುವ ಶೆಲ್ ಅದನ್ನು ಹೋಮ್ ಫೋಲ್ಡರಿನ ಪೂರ್ತಿ ವಿಳಾಸವಾಗಿ ಬಿಡಿಸಿಕೊಳ್ಳುತ್ತದೆ. ಉದ್ಧರಣ ಚಿಹ್ನೆಗಳೊಳಗೆ ಇಟ್ಟರೆ ಬಿಡಿಸದು. ಮುದ್ರಣಗಳನ್ನು ತಾನಾಗಿ ಉಳಿಸಲು ಬರೆದ ಹೊಸ ಸ್ಕ್ರಿಪ್ಟಿನಲ್ಲಿ ಅವಳು ಚಿಹ್ನೆ ಹಾಕಿದ್ದಳು. ಯಂತ್ರ ವಿಧೇಯವಾಗಿ ಅಲೆಗೆರೆಯೇ ಹೆಸರಾದ ಫೋಲ್ಡರೊಂದನ್ನು ಮಾಡಿ, ಎಲ್ಲವನ್ನೂ ಅದರೊಳಗೆ ಸುರಿದಿತ್ತು. ಅವನ್ನು ಇರಬೇಕಾದ ಹೋಮ್ ಫೋಲ್ಡರಿಗೆ ಸಾಗಿಸಿದಳು. ಇನ್ನು ಬೇರೆ ಕಡೆ ಪ್ರತಿ ತೆಗೆದಿಡುವುದಷ್ಟೇ ಬಾಕಿ. ಅದಕ್ಕೆ ಮುಂಚೆ ಖಾಲಿ ಫೋಲ್ಡರನ್ನು ಅಳಿಸಿಬಿಡೋಣವೆನ್ನಿಸಿತು. ಉಂಡೆದ್ದ ಜಾಗವನ್ನು ಒರೆಸದೆ ಅವಳಿಗೆ ಸಮಾಧಾನವಿಲ್ಲ. ಈ ಬಾರಿ ಚಿಹ್ನೆ ಹಾಕಲಿಲ್ಲ; ಯಂತ್ರ ಅಳಿಸುತ್ತಿದ್ದುದು ಹೋಮ್ ಫೋಲ್ಡರನ್ನೇ.

ಆಜ್ಞೆಯನ್ನು ತಡೆದಳು. ಡಿಸ್ಕ್ ಸುಮ್ಮನಾಯಿತು. ಹೋಮ್ ಫೋಲ್ಡರಿನಲ್ಲಿ ಉಳಿದದ್ದು ಯಾವ ಯಾವುದೋ ಹಳೆಯ ಕಡತಗಳು. ಟೀಚರ್ ಅವರ ಮುದ್ರಣ ಒಂದೂ ಇರಲಿಲ್ಲ.

ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರನ್ನು ಎಲ್ಲರೂ ಮಾವ ಎನ್ನುತ್ತಿದ್ದರು. ಸಣ್ಣದಕ್ಕೂ ರೇಗುವ ಮನುಷ್ಯ. ಫೋನಿನಲ್ಲಿ ಅವರು ರೇಗಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು. ಯಂತ್ರವನ್ನು ಮುಟ್ಟಬೇಡ, ಅದರ ಮೇಲೆ ಒಂದಕ್ಷರವನ್ನೂ ಬರೆಯಬೇಡ, ಬರೆದರೆ ಅಳಿದದ್ದು ಪೂರ್ತಿ ಹೋಗುತ್ತದೆ, ಬರುತ್ತೇನೆ ಎಂದರು.

"ಸಿಗುತ್ತಾ ಮಾವ?"

"ಬಂದಷ್ಟು ಬಂತು ಅನ್ಕೋಬೇಕು ಕಣಮ್ಮ. ಮಾತು ಕೊಡಲ್ಲ."

ಫೋನಿಟ್ಟು ತಿರುಗಿದರೆ ಟೀಚರ್ ಬಾಗಿಲಲ್ಲಿದ್ದರು, ಆಸ್ಪತ್ರೆಯ ನಿಲುವಂಗಿಯಲ್ಲಿ, ಬಳೆ ತೆಗೆದಿಟ್ಟ ಬೋಳು ಕೈಗಳಲ್ಲಿ. ಹೋಗಿಬರುತ್ತೇನೆಂದು ಹೇಳಲು ಬಂದಿದ್ದರು. ನಕ್ಕು ಕಳಿಸಿಬಿಡಬಹುದಿತ್ತು. ಆಮೇಲೆ ಕೇಳಲು ಅವರಿಗೆ ದನಿಯೂ ಇರುವುದಿಲ್ಲ ಎಂಬ ಯೋಚನೆ ಹೊಳೆಯಿತು. ನಿಂತಲ್ಲೇ ಎಲ್ಲ ಹೇಳಿದಳು.

ಟೀಚರ್ ಕುರ್ಚಿಯ ಬೆನ್ನು ಹಿಡಿದುಕೊಂಡರು. ತುಟಿಯ ಬಣ್ಣ ಹೋಗಿತ್ತು. "ಗುಡಿಸೋಕೆ ಹೋಗಿ ಗುಂಡಾಂತರ ಮಾಡಿದ್ಯಲ್ಲೇ ಮಗಳೆ," ಎಂದರು. ನಗಲು ನೋಡಿದರು, ಆಗಲಿಲ್ಲ. "ಸಿಸ್ಟರ್ ಬರೋ ತನಕ ಟೈಮಿದೆ. ಬೇರೆ ಯಂತ್ರ ಇದೆಯಾ?"

ಡ್ರಾಯರಿನಲ್ಲಿ ಅಂಗೈಯಷ್ಟಗಲದ ರೆಕಾರ್ಡರಿತ್ತು. ಸ್ವರ ವ್ಯಂಜನಗಳೆಲ್ಲ ಬರುವಂತೆ ಹೆಣೆದ ವಾಕ್ಯಗಳ ಹಾಳೆಯನ್ನು ಅವಳು ಮುಂದೆ ಹಿಡಿದಳು. ಟೀಚರ್ ಅದನ್ನು ಮಗುಚಿಟ್ಟರು.

"ಮುಂದೆ ಮೆಟ್ಟಿಲಿದೆ," ಎಂದರು ರೆಕಾರ್ಡರಿಗೆ. "ಬಿಸಿ ಇದೆ, ಆರ್ಲಿ." "ಯಾರೂ ಬಂದಿಲ್ಲ, ಗಾಳಿ ಅದು." ನಡುನಡುವೆ ದನಿ ಸೀಳುತ್ತಿತ್ತು, ನೀರು ಗುಟುಕರಿಸಿ ಮತ್ತೆ ಅದನ್ನೇ ಹೇಳುತ್ತಿದ್ದರು. "ನಾನು ಇಲ್ಲೇ ಇದ್ದೀನಿ," ಎಂದರು, ಒಮ್ಮೆ ಸಿಡುಕಿ, ಒಮ್ಮೆ ನಿದ್ದೆಗಣ್ಣಿನ ದನಿಯಲ್ಲಿ. ಇನ್ನೊಮ್ಮೆ ಹೇಳಹೊರಟಾಗ ಸಿಸ್ಟರ್ ಬಂದು, ಹೊತ್ತಾಯಿತು, ಸ್ಟ್ರೆಚರ್ ಕಾಯುತ್ತಿದೆ ಎಂದಳು.

ಟೀಚರ್ ಎದ್ದರು. ತಂತ್ರಜ್ಞೆಯ ತೋಳನ್ನು ಒಮ್ಮೆ ಹಿಡಿದು ಬಿಟ್ಟು, ಸಿಸ್ಟರ್ ಜೊತೆ ಹೊರಟರು. ರೆಕಾರ್ಡರಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ನಿಲ್ಲಿಸುವ ಗುಂಡಿ ಯಾವುದೆಂದು ಅವಳಿಗೆ ಚೆನ್ನಾಗಿ ಗೊತ್ತು. ಆದರೂ ಬೆರಳು ಮುಂದೆ ಹೋಗಲೊಲ್ಲದು. ಕಿರುಪರದೆಯ ಗೆರೆಗಳು ದೂರ ಸರಿಯುವ ಚಪ್ಪಲಿಯ ಸದ್ದಿಗೆ ಸಣ್ಣಗೆ ಏಳುತ್ತ ಬೀಳುತ್ತ ಹೋದವು. ಬಳಿಕ ಕೋಣೆಯ ಭಾರದ ಬಾಗಿಲು ಮುಚ್ಚಿಕೊಂಡಿತು. ಗೆರೆಗಳು ಒಮ್ಮೆಲೇ ಎತ್ತರಕ್ಕೆದ್ದು ಚಪ್ಪಟೆಯಾದವು.